ಸೀಸದ ಕೆಲಸವೂ ಕೆಲಸಗಾರರ ರಕ್ತದಲ್ಲಿನ ಕೊಬ್ಬೂ

ಬೆಂಗಳೂರು ದಂಡಿನ ಪ್ರದೇಶಕ್ಕೆ ಈಶಾನ್ಯದಲ್ಲಿರುವ ಕಲ್ಯಾಣ ನಗರವು ಈಗ ಮನೆಗಳಿಂದಲೂ ಅಂಗಡಿಗಳಿಂದಲೂ ಕಿಕ್ಕಿರಿದ ಬಡಾವಣೆಯಾಗಿದೆ. ಅದರ ಸುತ್ತಲಿನ ಬಾಣಸವಾಡಿ, ಚೇಳಕೆರೆ, ಹೊರಮಾವು, ಹೆಣ್ಣೂರು ಎಂಬ ಹೆಸರುಗಳು ಇಂದು ಬಸ್ಸಿನ ನಿಲ್ದಾಣಗಳ ಹೆಸರುಗಳಾಗಿ ಕೇಳಿಬರುತ್ತಿದ್ದರೂ, ಅವು ಮೂಲತಃ ಕೆರೆಯನ್ನೂ ಹೊಲವನ್ನೂ ನಂಬಿ ಬಾಳಿದ ಗ್ರಾಮಗಳ ಹೆಸರುಗಳೇ ಆಗಿವೆ. ಆ ಹೊಲಗಳ ನಡುವೆ ಹೊರವರ್ತುಲ ರಸ್ತೆಯು ಹಾದುಹೋದ ಮೇಲೆ ಮೋಟಾರು ವಾಹನಗಳ ದುರಸ್ತಿ ಮಾಡುವ ಗ್ಯಾರೇಜುಗಳೂ, ಬ್ಯಾಟರಿ ಮಾರುವ ಮತ್ತು ಹಳೆಯದನ್ನು ಕೊಳ್ಳುವ ಅಂಗಡಿಗಳೂ, ಬಣ್ಣ ಹೊಡೆಯುವ ಮತ್ತು ಬೆಸುಗೆ ಹಾಕುವ ಕೆಲಸದ ಮನೆಗಳೂ ಈ ಭಾಗದಲ್ಲಿ ನೆಲಸಿವೆ. ಹೊಸಕೋಟೆ, ಮಾಲೂರು, ಚಿಂತಾಮಣಿಯ ಕಡೆಗಳಿಂದ ಕೃಷ್ಣರಾಜಪುರದ ಮಾರ್ಗವಾಗಿ ಬರುವ ಯುವಕರಿಗೆ ಇಂಥ ಸ್ಥಳಗಳಲ್ಲಿ ಕೆಲಸವು ಬೇಗನೆ ದೊರೆಯುತ್ತದೆ. ಅವರು ಸುಗ್ಗಿಗೆ ಊರಿಗೆ ಹಿಂದಿರುಗುವುದೂ, ಉಳಿದ ತಿಂಗಳುಗಳಲ್ಲಿ ಹಣ ಕಳುಹಿಸುವುದೂ, ಆ ಹಣದಿಂದ ಕೊಳವೆಬಾವಿಯೋ ಜೋಡೆತ್ತೋ ಆಗುವುದೂ ಗ್ರಾಮಗಳ ಹಿರಿಯರಿಗೆ ಹೊಸದಾಗಿ ಹೇಳಬೇಕಾದ ಸಂಗತಿಗಳಲ್ಲ.

ಆದರೆ ಹೀಗೆ ಹಿಂದಿರುಗುವವರು ಹಣದ ಜೊತೆಗೆ ಇನ್ನೊಂದನ್ನೂ ತಮ್ಮೊಡನೆ ತರುವುದುಂಟು. ಅದು ಕಣ್ಣಿಗೆ ಕಾಣುವುದಿಲ್ಲ. ಸ್ನಾನದಿಂದ ಮೈಮೇಲಿನದು ಮಾತ್ರ ಹೋಗುವುದೇ ಹೊರತು ಒಳಗಿನದು ಹೋಗುವುದಿಲ್ಲ. ಅದು ಸೀಸವೆಂಬ ಲೋಹ. ಸೀಸದಿಂದ ಹೊಟ್ಟೆಶೂಲೆಯೂ ರಕ್ತಹೀನತೆಯೂ ಬರುವುವೆಂಬುದು ಬಹುಕಾಲದಿಂದ ತಿಳಿದಿರುವ ವಿಷಯವೇ. ಇಂಗ್ಲೆಂಡಿನಲ್ಲಿ ೧೮೯೫ರಷ್ಟು ಹಿಂದೆಯೇ ಕಾರ್ಖಾನೆಗಳಲ್ಲಿನ ಸೀಸದ ವಿಷಬಾಧೆಯನ್ನು ಸರ್ಕಾರಕ್ಕೆ ವರದಿ ಮಾಡತಕ್ಕದ್ದೆಂದು ಶಾಸನವಾಯಿತು. ಈಚಿನ ದಶಕಗಳಲ್ಲಿ ವೈದ್ಯಶಾಸ್ತ್ರಜ್ಞರ ಗಮನವನ್ನು ಸೆಳೆದಿರುವುದಾದರೋ, ಇಂಥ ಶೂಲೆ ನಿಶ್ಶಕ್ತಿಗಳು ತಲೆದೋರುವುದಕ್ಕೆ ಬಹಳ ಮೊದಲೇ, ಮೇಲ್ನೋಟಕ್ಕೆ ದೃಢಕಾಯನಾಗಿಯೇ ಇರುವ ಕೆಲಸಗಾರನ ರಕ್ತದಲ್ಲಿ ಆಗುವ ಬದಲಾವಣೆಗಳು. ರಕ್ತದಲ್ಲಿರುವ ಕೊಬ್ಬಿನ ಪ್ರಮಾಣವೂ ಗುಣವೂ ವ್ಯತ್ಯಾಸ ಹೊಂದುವುದು ಅವುಗಳಲ್ಲೊಂದು. ಹೃದಯಕ್ಕೆ ರಕ್ತವನ್ನೊಯ್ಯುವ ನಾಳಗಳು ಕಟ್ಟಿಕೊಳ್ಳುವುದಕ್ಕೆ ಇದೇ ದಾರಿಯಾದುದರಿಂದ, ನಾಲ್ವತ್ತು ವಯಸ್ಸಿನೊಳಗಿನ ದುಡಿಯುವ ಮನುಷ್ಯನನ್ನು ಕಳುಹಿಸಿಕೊಟ್ಟಿರುವ ಪ್ರತಿಯೊಂದು ಮನೆತನಕ್ಕೂ ಈ ವಿಷಯವು ಸಂಬಂಧಪಟ್ಟಿದ್ದಾಗಿದೆ.

ಸೀಸವು ದೇಹವನ್ನು ಸೇರುವ ಬಗೆ.— ಮೋಟಾರು ವಾಹನದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಸೀಸ ಮತ್ತು ಸೀಸದ ಸಂಯುಕ್ತಗಳೇ ಆಗಿರುತ್ತವೆ. ಹಳೆಯ ಬ್ಯಾಟರಿಯನ್ನು ಒಡೆದಾಗ ಅದರ ಫಲಕಗಳ ಮೇಲಿನ ಕಂದು ಮತ್ತು ಬೂದು ಬಣ್ಣದ ಹಿಟ್ಟು ಒಣಗಿ ಧೂಳಾಗಿ ಏಳುತ್ತದೆ. ಹಳೆಯ ಬಗೆಯ ಹಿತ್ತಾಳೆ ಮತ್ತು ತಾಮ್ರದ ರೇಡಿಯೇಟರುಗಳನ್ನು ಸೀಸ ತವರಗಳ ಮಿಶ್ರಣದಿಂದಲೇ ಬೆಸೆಯುತ್ತಿದ್ದರು. ದುರಸ್ತಿಗೆ ಬಂದಾಗ ಆ ಬೆಸುಗೆಯನ್ನು ಕಾಯಿಸಿ ಬಿಡಿಸಬೇಕಾಗುತ್ತದೆ. ಶಿವಾಜಿನಗರದ ಗುಜರಿಗಳಲ್ಲಿ ಹಳೆಯ ವಾಹನಗಳನ್ನು ಬಿಚ್ಚಿ ಭಾಗಭಾಗವಾಗಿ ಮಾರುವ ವ್ಯಾಪಾರವು ಬಹುಕಾಲದಿಂದ ನಡೆದುಬಂದಿದೆ. ದೂರವಾಣಿನಗರದಲ್ಲಿ ೧೯೪೮ರಲ್ಲಿ ಸ್ಥಾಪಿತವಾದ ಟೆಲಿಫೋನ್ ಕಾರ್ಖಾನೆಯಂಥ ಉದ್ಯಮಗಳಿಂದ ಹರಡಿದ ತಂತಿ ಬೆಸೆಯುವ ಕಸುಬು ಈಗ ಗಲ್ಲಿಗಲ್ಲಿಯ ರೇಡಿಯೋ, ಫೋನು ದುರಸ್ತಿಯ ಅಂಗಡಿಗಳಿಗೂ ಬಂದಿದೆ. ಕೆಂಪು ಸಿಂಧೂರವೂ, ಹಳದಿಯ ಒಂದು ಬಗೆಯೂ ಸೀಸದಿಂದಲೇ ಆಗುವ ಬಣ್ಣಗಳು. ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವವನು ಅದರ ಧೂಳನ್ನು ಸೇವಿಸುತ್ತಾನೆ. ಮನೆಗಳಿಗೆ ಬಳಸುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಭಾಗವನ್ನು ಮೀರಕೂಡದೆಂದು ೨೦೧೬ರಲ್ಲಿ ಭಾರತ ಸರ್ಕಾರವು ಮಾಡಿದ ನಿಯಮವು ಮರುವರ್ಷದ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಮುಂಚೆ ಬಳಿದ ಬಣ್ಣವು ಗೋಡೆ ಬಾಗಿಲುಗಳ ಮೇಲೆ ಇನ್ನೂ ಇದೆ. (ಸಂಕ್ರಾಂತಿಗೆ ಎತ್ತಿನ ಕೊಂಬುಗಳಿಗೆ ಬಳಿಯುವ ಡಬ್ಬಿಯ ಬಣ್ಣವು ಯಾವುದೆಂಬುದನ್ನು ಸಹ ಕೊಳ್ಳುವಾಗ ವಿಚಾರಿಸುವುದು ಒಳ್ಳೆಯದು.)

ಸೀಸವು ೩೨೭ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗುತ್ತದೆ. ಅಂದರೆ ಸೌದೆಯ ಒಲೆಯೇ ಸಾಕು. ಇದನ್ನು ಕರಗಿಸುವುದು ಇಷ್ಟು ಸುಲಭವಾಗಿರುವುದೇ ಇದರ ಅಪಾಯಕ್ಕೆ ಮುಖ್ಯ ಕಾರಣವೆನ್ನಬಹುದು. ಶಾಖವು ಇನ್ನೂ ಏರಿದಂತೆಲ್ಲ ಆವಿಯು ಎದ್ದು, ಕಣ್ಣಿಗೆ ಕಾಣದಷ್ಟು ನಯವಾದ ಕಣಗಳಾಗಿ ಉಸಿರಿನೊಡನೆ ಒಳಗೆ ಹೋಗುತ್ತದೆ. ಆದರೆ ಆವಿಗಿಂತಲೂ ಧೂಳೇ ಹೆಚ್ಚಿನ ಕೇಡನ್ನು ಮಾಡುವುದು. ಧೂಳು ಕೈಗೆ ಅಂಟುತ್ತದೆ. ಆ ಕೈಯಿಂದ ಕೆಲಸಗಾರನು ಬೀಡಿ ಹಚ್ಚುತ್ತಾನೆ, ಬೋಂಡ ತಿನ್ನುತ್ತಾನೆ, ಮೀಸೆ ಒರಸಿಕೊಳ್ಳುತ್ತಾನೆ. ಲೋಹದ ಸೀಸವನ್ನು ಮುಟ್ಟಿದ ಮಾತ್ರಕ್ಕೆ ಚರ್ಮದ ಮೂಲಕ ಅದು ಹೆಚ್ಚಾಗಿ ಒಳಸೇರುವುದಿಲ್ಲ. ಬಾಯಿ ಮೂಗುಗಳೇ ಅದರ ಹೆಬ್ಬಾಗಿಲು.

ಒಳಸೇರಿದ ಸೀಸವು ಮೊದಲು ರಕ್ತದ ಕೆಂಪು ಕಣಗಳಲ್ಲಿ ನಿಲ್ಲುತ್ತದೆ. ಕೆಲಸವನ್ನು ಬಿಟ್ಟರೆ ರಕ್ತದಲ್ಲಿರುವುದರ ಅರ್ಧದಷ್ಟು ಸುಮಾರು ಒಂದು ತಿಂಗಳಲ್ಲಿ ಕಡಮೆಯಾಗುವುದು. ಇಷ್ಟೇ ಆಗಿದ್ದರೆ ಚಿಂತೆಯಿರುತ್ತಿರಲಿಲ್ಲ. ದೇಹವು ಸೀಸವನ್ನು ಸುಣ್ಣದ ಅಂಶವೆಂದು ಭ್ರಮಿಸಿ ಮೂಳೆಗಳಲ್ಲಿ ಕೂಡಿಡುತ್ತದೆ. ವಯಸ್ಕನ ದೇಹದಲ್ಲಿರುವ ಸೀಸದಲ್ಲಿ ಶೇಕಡಾ ೯೦ಕ್ಕಿಂತ ಹೆಚ್ಚು ಮೂಳೆಯಲ್ಲಿಯೇ ಇದ್ದು, ಅಲ್ಲಿಂದ ಹತ್ತಿಪ್ಪತ್ತು ವರ್ಷಗಳವರೆಗೂ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಜಿನುಗುತ್ತಿರುವುದು. ಆದುದರಿಂದ ಇಪ್ಪತ್ತೈದನೆಯ ವಯಸ್ಸಿನಲ್ಲಿ ಐದು ವರ್ಷ ಬ್ಯಾಟರಿ ಒಡೆದು, ಆಮೇಲೆ ಊರಿಗೆ ಬಂದು ಬೇಸಾಯಕ್ಕೆ ನಿಂತವನು ಆ ಕೆಲಸದಿಂದ ಪೂರ್ತಿಯಾಗಿ ಬಿಡುಗಡೆ ಹೊಂದಿದನೆಂದು ಹೇಳಲಾಗುವುದಿಲ್ಲ.

ರಕ್ತದಲ್ಲಿನ ಕೊಬ್ಬೆಂದರೇನು?— ಎಣ್ಣೆಯು ನೀರಿನಲ್ಲಿ ಬೆರೆಯುವುದಿಲ್ಲ. ರಕ್ತವಾದರೋ ಬಹುಪಾಲು ನೀರು. ಆದರೂ ದೇಹದ ಪ್ರತಿಯೊಂದು ಭಾಗಕ್ಕೂ ಕೊಬ್ಬಿನ ಅಗತ್ಯವುಂಟು. ಆದಕಾರಣ ಯಕೃತ್ತು ಕೊಬ್ಬನ್ನು ಸಸಾರಜನಕದ ತೆಳುವಾದ ಹೊದಿಕೆಯೊಳಗೆ ಸುತ್ತಿ, ಗಾಡಿಗೆ ಮೂಟೆ ಹೇರಿದಂತೆ, ರಕ್ತದಲ್ಲಿ ಕಳುಹಿಸುತ್ತದೆ. ಹೊರಕ್ಕೆ ಕೊಲೆಸ್ಟರಾಲನ್ನು ಸಾಗಿಸುವ ಗಾಡಿಗೆ ವೈದ್ಯರು ಎಲ್‌.ಡಿ.ಎಲ್‌. ಎಂದೂ, ಅಲ್ಲಲ್ಲಿ ಹೆಚ್ಚಾಗಿ ಬಿದ್ದಿರುವುದನ್ನು ಎತ್ತಿಕೊಂಡು ಯಕೃತ್ತಿಗೆ ಹಿಂದಿರುಗಿಸುವ ಗಾಡಿಗೆ ಎಚ್‌.ಡಿ.ಎಲ್‌. ಎಂದೂ ಹೆಸರಿಟ್ಟಿದ್ದಾರೆ. ದಿನದ ಊಟದಿಂದಲೂ, ಮಿಕ್ಕ ಸಕ್ಕರೆ ಪಿಷ್ಟಗಳಿಂದಲೂ ಆಗುವ ಇನ್ನೊಂದು ಬಗೆಯ ಕೊಬ್ಬೇ ಟ್ರೈಗ್ಲಿಸರೈಡು. ಸಾಮಾನ್ಯವಾಗಿ ೧೦೦ ಮಿಲಿಲೀಟರು ರಕ್ತದ್ರವದಲ್ಲಿ ಒಟ್ಟು ಕೊಲೆಸ್ಟರಾಲು ೨೦೦ ಮಿಲಿಗ್ರಾಮಿಗೂ, ಟ್ರೈಗ್ಲಿಸರೈಡು ೧೫೦ ಮಿಲಿಗ್ರಾಮಿಗೂ ಕಡಮೆಯಿರುವುದು ಮೇಲೆಂದೂ, ಗಂಡಸರಲ್ಲಿ ಎಚ್‌.ಡಿ.ಎಲ್‌. ೪೦ಕ್ಕಿಂತ ಕೆಳಗಿಳಿಯಬಾರದೆಂದೂ ಎಣಿಸುತ್ತಾರೆ.

ಹೊರಗೆ ಹೋಗುವ ಗಾಡಿಗಳು ಹೆಚ್ಚಿದಾಗ, ಅಥವಾ ಅವುಗಳ ಹೊದಿಕೆ ಕೆಟ್ಟಾಗ, ಸರಕು ದಾರಿಯಲ್ಲಿಯೇ ಚೆಲ್ಲುತ್ತದೆ. ಹಳೆಯ ಎಣ್ಣೆಯು ಗಾಳಿ ತಾಗಿ ಕಮಟು ಹಿಡಿಯುವಂತೆ ಎಲ್‌.ಡಿ.ಎಲ್‌. ನಲ್ಲಿರುವ ಕೊಬ್ಬೂ ಆಮ್ಲಜನಕದ ಕ್ರಿಯೆಯಿಂದ ಕೆಡುವುದುಂಟು. ಹೀಗೆ ಕೆಟ್ಟ ಕೊಬ್ಬೇ ರಕ್ತನಾಳದ ಗೋಡೆಯೊಳಗೆ ಸೇರಿ ಗಟ್ಟಿಯಾಗಿ, ನಾಳವನ್ನು ಕಿರಿದುಗೊಳಿಸುವುದು.

ಸೀಸದ ಕೈವಾಡ.— ಸೀಸವು ಇಲ್ಲಿ ಮೂರು ಕಡೆಗಳಿಂದ ಕೆಡುಕು ಮಾಡುವಂತೆ ಕಾಣುತ್ತದೆ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಸೀಸವನ್ನು ಕೊಟ್ಟಾಗ ಯಕೃತ್ತಿನಲ್ಲಿ ಕೊಲೆಸ್ಟರಾಲನ್ನು ತಯಾರಿಸುವ ಕಿಣ್ವವು ಚುರುಕಾಯಿತು. ಅದೇ ಕೊಲೆಸ್ಟರಾಲನ್ನು ಪಿತ್ತರಸವಾಗಿ ಮಾರ್ಪಡಿಸಿ ಹೊರದೂಡುವ ಕಿಣ್ವವು ಮಂದವಾಯಿತು. ಒಳಬರುವ ತೂಬು ಅಗಲವಾಗಿ ಹೊರಹೋಗುವ ಕೋಡಿ ಹೂಳಿದರೆ ಕೆರೆಯ ನೀರು ಏರುವಂತೆ ರಕ್ತದಲ್ಲಿ ಕೊಲೆಸ್ಟರಾಲು ಏರಿತು. ಎರಡನೆಯದಾಗಿ, ದೇಹದೊಳಗಣ ಕಮಟನ್ನು ತಡೆಯುವ ಕೆಲವು ಕಿಣ್ವಗಳಲ್ಲಿ ಗಂಧಕವನ್ನೊಳಗೊಂಡ ಭಾಗಗಳಿರುತ್ತವೆ. ಸೀಸವು ಗಂಧಕವನ್ನು ಬಲವಾಗಿ ಹಿಡಿಯುವ ಲೋಹವಾದುದರಿಂದ ಆ ಕಿಣ್ವಗಳನ್ನು ನಿಷ್ಕ್ರಿಯವಾಗಿಸುತ್ತದೆ.

ಮೂರನೆಯದನ್ನು ಬೇಸಾಯಗಾರರು ವಿಶೇಷವಾಗಿ ಗಮನಿಸಬೇಕು. ಕೊಬ್ಬನ್ನು ಹಿಂದಿರುಗಿಸುವ ಎಚ್‌.ಡಿ.ಎಲ್‌. ಗಾಡಿಯ ಮೇಲೆ ಪ್ಯಾರಾಕ್ಸನೇಸ್ ಎಂಬ ಒಂದು ಕಿಣ್ವವು ಕಾವಲುಗಾರನಂತೆ ಕುಳಿತಿರುತ್ತದೆ. ಎಲ್‌.ಡಿ.ಎಲ್‌. ಕೆಡದಂತೆ ಕಾಯುವುದರಲ್ಲಿ ಇದಕ್ಕೆ ಪಾಲುಂಟು. ಈ ಕಿಣ್ವದ ಹೆಸರೇ ಅದರ ಮತ್ತೊಂದು ಕೆಲಸವನ್ನು ಸೂಚಿಸುತ್ತದೆ: ಪ್ಯಾರಾಥಿಯಾನ್ ಎಂಬ ಕೀಟನಾಶಕವು ದೇಹದೊಳಗೆ ಪ್ಯಾರಾಕ್ಸನ್ ಎಂಬ ಉಗ್ರವಿಷವಾಗಿ ಮಾರ್ಪಡುವುದು, ಆ ವಿಷವನ್ನು ಒಡೆಯುವುದರಿಂದ ಕಿಣ್ವಕ್ಕೆ ಈ ಹೆಸರು ಬಂದಿತು. ಕ್ಲೋರ್‌ಪೈರಿಫಾಸ್ ಮೊದಲಾದ ರಂಜಕಯುಕ್ತ ಕೀಟನಾಶಕಗಳಿಂದ ದೇಹದಲ್ಲಿ ಹುಟ್ಟುವ ವಿಷವನ್ನು ಸಹ ಇದು ಒಡೆಯುತ್ತದೆ. ಈ ಕಿಣ್ವವು ಕೆಲಸ ಮಾಡಲು ಸುಣ್ಣದ ಅಂಶವು ಬೇಕು. ಸುಣ್ಣದ ಜಾಗವನ್ನು ಕದಿಯುವ ಸೀಸವು ಇದನ್ನು ಕುಂಠಿಸುತ್ತದೆ. ತೈವಾನ್ ದ್ವೀಪದಲ್ಲಿ ಬ್ಯಾಟರಿ ತಯಾರಿಸುವ ಮತ್ತು ಹಳೆಯ ಬ್ಯಾಟರಿಯಿಂದ ಸೀಸ ತೆಗೆಯುವ ಕಾರ್ಖಾನೆಗಳ ಕೆಲಸಗಾರರನ್ನು ಪರೀಕ್ಷಿಸಿ ೨೦೦೬ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರಕ್ತದಲ್ಲಿ ಸೀಸವು ಹೆಚ್ಚಿದಷ್ಟೂ ಈ ಕಿಣ್ವದ ಶಕ್ತಿ ಕಡಮೆಯಾಗಿದ್ದುದು ಕಂಡುಬಂದಿತು.

ಹನ್ನೊಂದು ತಿಂಗಳು ಬ್ಯಾಟರಿಯ ಕೆಲಸದಲ್ಲಿದ್ದು, ತೋಟಕ್ಕೆ ಔಷಧಿ ಹೊಡೆಯುವ ಕಾಲಕ್ಕೆ ಸರಿಯಾಗಿ ಊರಿಗೆ ಬರುವ ಯುವಕನೊಬ್ಬನನ್ನು ಊಹಿಸಿಕೊಳ್ಳಬಹುದು. ಟೊಮ್ಯಾಟೊ ತೋಟಕ್ಕೆ ಔಷಧಿ ಹೊಡೆಯಲು ಯಜಮಾನನು ಅವನನ್ನೇ ಕರೆಯುತ್ತಾನೆ. ನಗರದಲ್ಲಿ ಯಂತ್ರಗಳೊಡನೆ ಪಳಗಿದವನಾದುದರಿಂದ ಪಂಪನ್ನು ಹಿಡಿಯಲು ಅವನೇ ತಕ್ಕವನೆಂದು ಎಲ್ಲರ ಎಣಿಕೆ. ರಂಜಕಯುಕ್ತ ವಿಷವನ್ನು ತಡೆದುಕೊಳ್ಳುವ ಕಾವಲು ಅವನಲ್ಲಿಯೇ ಎಲ್ಲರಿಗಿಂತ ಸಡಿಲವಾಗಿರುವ ಸಂಭವವುಂಟೆಂಬುದು ಯಾರಿಗೂ ತೋರುವುದಿಲ್ಲ. ಒಂದೇ ಮನುಷ್ಯನ ಮೇಲೆ ಈ ಎರಡು ವಿಷಗಳೂ ಸೇರಿ ಎಷ್ಟು ಕೇಡು ಮಾಡುವುವೆಂಬುದನ್ನು ಅಂಕಿಗಳಲ್ಲಿ ಹೇಳುವಷ್ಟು ಪರಿಶೋಧನೆಯು ನಡೆದಿಲ್ಲವಾದರೂ, ಸೀಸದ ಕೆಲಸದಿಂದ ಬಂದವನನ್ನು ಔಷಧಿ ಹೊಡೆಯುವ ಕೆಲಸಕ್ಕೆ ಹಚ್ಚದೆ ಬೇರೊಬ್ಬನನ್ನು ನೇಮಿಸುವುದರಿಂದ ಯಜಮಾನನಿಗೆ ಆಗುವ ನಷ್ಟವೇನೂ ಇಲ್ಲ.

ಎಷ್ಟರ ಮಟ್ಟಿಗೆ ನಂಬಬಹುದು?— ರಕ್ತದ ಕೊಬ್ಬಿನ ವಿಷಯದಲ್ಲಿ ವಿದ್ವಾಂಸರೆಲ್ಲರೂ ಒಂದೇ ಮಾತನ್ನು ಹೇಳುತ್ತಿಲ್ಲವೆಂಬುದನ್ನು ಮರೆಮಾಡಬಾರದು. ಕೆಲವು ದೇಶಗಳ ಕೆಲಸಗಾರರಲ್ಲಿ ಒಟ್ಟು ಕೊಲೆಸ್ಟರಾಲು ಏರಿದ್ದಿತು. ಕೆಲವರಲ್ಲಿ ಟ್ರೈಗ್ಲಿಸರೈಡು ಮಾತ್ರವೇ ಏರಿದ್ದಿತು. ಮತ್ತೆ ಕೆಲವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಇಸ್ರೇಲಿನ ಕೈಗಾರಿಕಾ ಕೆಲಸಗಾರರ ಬಗ್ಗೆ ೧೯೯೯ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಸೀಸದ ನಡುವೆ ದುಡಿಯುವವರಲ್ಲಿ ಒಟ್ಟು ಕೊಲೆಸ್ಟರಾಲಿನೊಡನೆ ಒಳ್ಳೆಯದೆನ್ನಿಸಿಕೊಂಡ ಎಚ್‌.ಡಿ.ಎಲ್‌. ಸಹ ಹೆಚ್ಚಾಗಿಯೇ ಕಂಡುಬಂದಿತು. ಮೇಲೆ ಹೇಳಿದ ಗಾಡಿಗಳ ಲೆಕ್ಕಕ್ಕೆ ಇದು ಹೊಂದುವುದಿಲ್ಲ. ಕಾವಲುಗಾರನೇ ನಿಶ್ಶಕ್ತನಾಗಿದ್ದರೆ ಗಾಡಿಗಳ ಸಂಖ್ಯೆ ಹೆಚ್ಚಿದುದರಿಂದ ಏನು ಪ್ರಯೋಜನವೆಂದು ಕೆಲವರು ಸಮಾಧಾನ ಹೇಳಬಹುದು. ಅದೂ ಇನ್ನೂ ಸಿದ್ಧಪಡಬೇಕಾದ ಮಾತೇ.

ಇದಲ್ಲದೆ, ಊರನ್ನು ಬಿಟ್ಟು ನಗರ ಸೇರಿದವನ ಬಾಳಿನಲ್ಲಿ ಬದಲಾಗುವುದು ಸೀಸವೊಂದೇ ಅಲ್ಲ. ಮುದ್ದೆ ಸೊಪ್ಪಿನ ಸಾರುಗಳ ಜಾಗಕ್ಕೆ ಪರೋಟವೂ ಕರಿದ ತಿಂಡಿಯೂ ಬರುತ್ತವೆ, ನಿದ್ದೆಯು ಕಡಮೆಯಾಗುತ್ತದೆ, ಬೀಡಿ ಸಿಗರೇಟುಗಳು ಹೆಚ್ಚುತ್ತವೆ. ಹೊಗೆಸೊಪ್ಪು ನೆಲದಿಂದ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹವನ್ನು ಹೀರಿಕೊಳ್ಳುವ ಗಿಡವಾದುದರಿಂದ ಬೀಡಿ ಸೇದುವವನಿಗೆ ಅದೂ ಒದಗುತ್ತದೆ. ಹೀಗಿರುವಲ್ಲಿ ಒಬ್ಬನ ಕೊಲೆಸ್ಟರಾಲು ೨೪೦ ಇದ್ದ ಮಾತ್ರಕ್ಕೆ ಅದಕ್ಕೆ ಸೀಸವೇ ಕಾರಣವೆಂದು ಕೆಲಸದ ಯಜಮಾನನ ಮೇಲೆ ಹಾಕುವುದು ಹೇಗೆ ಅವಸರದ ಮಾತೋ, ಪರೋಟವೇ ಕಾರಣವೆಂದು ಹೇಳಿ ಸೀಸವನ್ನು ಅಳೆಯದೆ ಬಿಡುವುದೂ ಹಾಗೆಯೇ. ಎರಡನೆಯ ತಪ್ಪೇ ಹೆಚ್ಚಾಗಿ ನಡೆಯುತ್ತಿರುವುದು.

ಕೊಬ್ಬಿನ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದರೂ, ಕೊನೆಯ ಫಲವಾದ ಹೃದ್ರೋಗದ ವಿಷಯದಲ್ಲಿ ಸಾಕ್ಷ್ಯವು ಬಲವಾಗಿದೆ. ಸೀಸವು ರಕ್ತದ ಒತ್ತಡವನ್ನು ಹೆಚ್ಚಿಸುವುದೆಂಬುದೂ, ಮೂತ್ರಪಿಂಡಗಳನ್ನು ಕೆಡಿಸುವುದೆಂಬುದೂ ಚೆನ್ನಾಗಿ ಸಿದ್ಧಪಟ್ಟಿವೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ೧೪,೨೮೯ ಮಂದಿ ವಯಸ್ಕರ ರಕ್ತವನ್ನು ಪರೀಕ್ಷಿಸಿ, ಅವರ ಯೋಗಕ್ಷೇಮವನ್ನು ಸುಮಾರು ಇಪ್ಪತ್ತು ವರ್ಷಗಳ ಕಾಲ ಗಮನಿಸಿ ೨೦೧೮ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ೧೦೦ ಮಿಲಿಲೀಟರು ರಕ್ತಕ್ಕೆ ೧ ಮೈಕ್ರೋಗ್ರಾಂ ಸೀಸವಿದ್ದವರಿಗಿಂತ ೬.೭ ಇದ್ದವರಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಮರಣದ ಸಂಭವವು ಶೇಕಡಾ ೭೦ರಷ್ಟು ಹೆಚ್ಚಾಗಿದ್ದಿತು. ಇವರು ಸೀಸದ ಕಾರ್ಖಾನೆಯವರಲ್ಲ, ಸಾಮಾನ್ಯ ಜನರು. ಅದೇ ದೇಶದ ಕಾರ್ಖಾನೆಗಳಿಗೆ ೧೯೭೮ರಲ್ಲಿ ವಿಧಿಸಿದ ನಿಯಮವು, ೬೦ ಮೈಕ್ರೋಗ್ರಾಂ ಮುಟ್ಟಿದ ಕೆಲಸಗಾರನನ್ನು ಆ ಕೆಲಸದಿಂದ ತೆಗೆದು ಬೇರೆ ಕಡೆ ಹಾಕಬೇಕೆಂದಿತು. ೬೦ಕ್ಕೂ ೬.೭ಕ್ಕೂ ನಡುವೆ ಇರುವ ಅಂತರವನ್ನು ನೋಡಿದರೆ, ನಲವತ್ತು ವರ್ಷಗಳಲ್ಲಿ ತಿಳಿವಳಿಕೆಯು ಎಷ್ಟು ಮುಂದುವರಿದಿದೆಯೆಂಬುದು ಗೊತ್ತಾಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯದಲ್ಲಿ ಅಪಾಯವಿಲ್ಲದ ಸೀಸದ ಪ್ರಮಾಣವೆಂಬುದೇ ಇಲ್ಲ. ೫ ಮೈಕ್ರೋಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟು ಕಂಡರೆ ಅದರ ಮೂಲವನ್ನು ಹುಡುಕಿ ನಿವಾರಿಸಬೇಕೆಂದು ಅದು ೨೦೨೧ರಲ್ಲಿ ಸೂಚಿಸಿತು.

ಬೆಂಗಳೂರಿನಲ್ಲಿ ನಡೆದ ಕೆಲಸ.— ಭಾರತದಲ್ಲಿ ಸೀಸದ ವಿಷಬಾಧೆಯ ಕಡೆಗೆ ದೇಶದ ಗಮನವು ತಿರುಗುವುದಕ್ಕೆ ಬೆಂಗಳೂರೇ ಬಹುಮಟ್ಟಿಗೆ ಕಾರಣವಾಯಿತು. ಜಾರ್ಜ್ ಫೌಂಡೇಷನ್ ಎಂಬ ಸಂಸ್ಥೆಯವರು ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆಗಳನ್ನು ನಡೆಸಿ, ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸವು ೧೦ ಮೈಕ್ರೋಗ್ರಾಮನ್ನು ಮೀರಿದ್ದುದನ್ನು ೧೯೯೯ರಲ್ಲಿ ಪ್ರಕಟಪಡಿಸಿದರು. ಅದೇ ವರ್ಷದ ಫೆಬ್ರವರಿಯಲ್ಲಿ ಈ ವಿಷಯವಾಗಿ ಅಂತರರಾಷ್ಟ್ರೀಯ ಸಮ್ಮೇಳನವೊಂದು ಬೆಂಗಳೂರಿನಲ್ಲಿ ಸೇರಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಬಾಧೆಗೆ ಸಂಬಂಧಪಟ್ಟ ರಾಷ್ಟ್ರೀಯ ಕೇಂದ್ರವನ್ನು ಅಲ್ಲಿ ನಡೆಸಿದರು. ಮೋಟಾರುಗಳ ಪೆಟ್ರೋಲಿಗೆ ಸೀಸ ಬೆರೆಸುವುದು ೨೦೦೦ದ ಫೆಬ್ರವರಿಯಿಂದ ದೇಶದಾದ್ಯಂತ ನಿಂತುಹೋಯಿತು. ಅಂದಿನಿಂದ ರಸ್ತೆಯ ಗಾಳಿಯಲ್ಲಿದ್ದ ಸೀಸವು ಕಡಮೆಯಾಯಿತಾದರೂ, ವಾಹನಗಳ ಸಂಖ್ಯೆಯೊಡನೆ ಬ್ಯಾಟರಿಗಳ ಸಂಖ್ಯೆಯೂ ಬೆಳೆಯಿತು. ಕೊಳವೆಯಿಂದ ಹೊರಬರುತ್ತಿದ್ದ ವಿಷವು ಗ್ಯಾರೇಜಿನ ಮೂಲೆಗೆ ಸೇರಿತೆಂದು ಹೇಳಬಹುದು.

೧೯೪೮ರ ಕಾರ್ಖಾನೆಗಳ ಕಾಯಿದೆಯು, ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೀಸದ ವಿಷಬಾಧೆಯನ್ನೇ ಮೊದಲನೆಯದಾಗಿ ಹೆಸರಿಸಿದ್ದಿತು. ಆದರೆ ವಿದ್ಯುಚ್ಛಕ್ತಿಯಿದ್ದಲ್ಲಿ ಹತ್ತು ಮಂದಿ, ಇಲ್ಲದಿದ್ದಲ್ಲಿ ಇಪ್ಪತ್ತು ಮಂದಿ ಇದ್ದರೆ ಮಾತ್ರ ಅದನ್ನು ಕಾರ್ಖಾನೆಯೆಂದು ಎಣಿಸುತ್ತಿದ್ದುದರಿಂದ, ಮೂವರು ನಾಲ್ವರು ದುಡಿಯುವ ಸಣ್ಣ ಅಂಗಡಿಗಳು ಸಾಮಾನ್ಯವಾಗಿ ಅದರ ಕಣ್ಣಿಗೆ ಬೀಳಲಿಲ್ಲ. ಹಳ್ಳಿಯಿಂದ ಹೋದವರು ಮೊದಲು ಸೇರುವುದು ಇಂಥ ಅಂಗಡಿಗಳನ್ನೇ.

ಗ್ರಾಮದ ಗಡಿಯಲ್ಲಿ.— ನಗರದಲ್ಲಿ ಹೊಗೆಯ ಮೇಲೆ ದೂರುಗಳು ಹೆಚ್ಚಿದಂತೆಲ್ಲ ಬ್ಯಾಟರಿ ಒಡೆದು ಸೀಸ ಕರಗಿಸುವವರು ಹೊರಗಿನ ಹಳ್ಳಿಗಳ ಕಡೆ ಸರಿಯುವುದು ಸಹಜವಾಗಿದೆ. ಬೀಳುಬಿದ್ದ ಒಂದೆರಡು ಗುಂಟೆಯನ್ನು, ಅಥವಾ ಹಳೆಯ ಕೋಳಿಫಾರಮಿನ ಷೆಡ್ಡನ್ನು ಒಳ್ಳೆಯ ಬಾಡಿಗೆಗೆ ಕೇಳಿದಾಗ ಭೂಮಾಲೀಕನು ಒಪ್ಪುವುದೂ ಸಹಜವೇ. ಒಪ್ಪುವುದಕ್ಕೆ ಮೊದಲು ಅವನು ತಿಳಿಯತಕ್ಕದ್ದೇನೆಂದರೆ, ಸೀಸವು ಕೊಳೆಯುವ ವಸ್ತುವಲ್ಲ. ಗೊಬ್ಬರದಂತೆ ಅದು ಕರಗಿಹೋಗದು; ಕೀಟನಾಶಕದಂತೆ ಕಾಲಕ್ರಮದಲ್ಲಿ ಒಡೆದುಹೋಗದು. ಬಿದ್ದ ಕಡೆ ಮೇಲುಮಣ್ಣಿನಲ್ಲಿಯೇ ತಲೆಮಾರುಗಳವರೆಗೆ ನಿಲ್ಲುವುದು. ಅಂಥ ನೆಲದಲ್ಲಿ ಮುಂದೆ ಬೆಳೆದ ಸೊಪ್ಪಿಗೂ ಗೆಡ್ಡೆಗೂ ಅಂಟಿದ ಮಣ್ಣಿನ ಮೂಲಕ ಅದು ಊಟದ ತಟ್ಟೆಗೆ ಬರುವುದು. ಚೆಲ್ಲಿದ ಗಂಧಕಾಮ್ಲವು ಇದರ ಜೊತೆಗೆ ಮಣ್ಣನ್ನು ಹುಳಿಯಾಗಿಸುವುದರಿಂದ ಸೀಸವು ಇನ್ನಷ್ಟು ಸುಲಭವಾಗಿ ಬೇರುಗಳಿಗೆ ದೊರೆಯುವುದು.

ಇಂಥ ಸ್ಥಳದ ಮೊದಲ ಸುಳಿವು ಮನುಷ್ಯರಲ್ಲಿ ಕಾಣುವುದಕ್ಕಿಂತ ಮುಂಚೆ ದನಗಳಲ್ಲಿ ಕಾಣಬಹುದು. ಒಡೆದ ಬ್ಯಾಟರಿಯ ಫಲಕಗಳನ್ನೂ ಅದರ ಬೂದಿಯನ್ನೂ ದನಗಳು ನೆಕ್ಕುವುದುಂಟು. ಕರುಗಳಿಗೆ ಈ ಚಪಲವು ಹೆಚ್ಚು. ಸ್ವಲ್ಪವೇ ಒಳಗೆ ಹೋದರೂ ಹಲ್ಲು ಕಡಿಯುವುದು, ಕಣ್ಣು ಕಾಣದೆ ಗೋಡೆಗೆ ತಲೆಯೊತ್ತಿ ನಿಲ್ಲುವುದು, ಸುತ್ತುವುದು, ಸೆಳೆತದಿಂದ ಬೀಳುವುದು ಮೊದಲಾದ ಚಿಹ್ನೆಗಳು ತೋರಿ ಪ್ರಾಣಿಯು ಸಾಯಬಹುದು. ಹುಚ್ಚುನಾಯಿ ಕಡಿತವೆಂದೋ ಹಾವಿನ ವಿಷವೆಂದೋ ಭಾವಿಸಿ ಹೂಳಿಬಿಡುವ ವಾಡಿಕೆಯಿರುವುದರಿಂದ ನಿಜವಾದ ಕಾರಣವು ಹೊರಬೀಳುವುದಿಲ್ಲ. ಒಂದೇ ಕಡೆ ಮೇಯುವ ಎರಡು ಮೂರು ರಾಸುಗಳಿಗೆ ಹೀಗಾದರೆ, ಹೂಳುವ ಮುನ್ನ ಪಶುವೈದ್ಯರನ್ನು ಕರೆಸಿ, ಸುತ್ತಲಿನ ಜಾಗವನ್ನು ತೋರಿಸಿ ಪರೀಕ್ಷೆ ಮಾಡಿಸತಕ್ಕದ್ದು. ಅಂಥ ಹಸುವಿನ ಹಾಲನ್ನು ಅದುವರೆಗೆ ಉಪಯೋಗಿಸಬಾರದು.

ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಹಿಂದಿರುಗಿಸುವ ಪದ್ಧತಿಯನ್ನು ೨೦೦೧ರ ನಿಯಮಗಳು ಏರ್ಪಡಿಸಿದವು. ೨೦೨೨ರ ಹೊಸ ನಿಯಮಗಳು ಅದರ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದವು. ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಯನ್ನು ಬೀದಿಯಲ್ಲಿ ಕೂಗುತ್ತ ಬರುವ ಗುಜರಿಯವನಿಗೆ ನಾಲ್ಕು ಕಾಸು ಹೆಚ್ಚಿಗೆಂದು ಕೊಡುವ ರೈತನು ಅದು ಯಾವ ಹೊಲದಲ್ಲಿ ಒಡೆಯಲ್ಪಡುವುದೆಂಬುದನ್ನು ಯೋಚಿಸುವುದಿಲ್ಲ.

ಪರೀಕ್ಷೆಯೂ ಪಥ್ಯವೂ.— ಸೀಸದ ನಡುವೆ ದುಡಿಯುವವನು ವರ್ಷಕ್ಕೊಂದು ಸಲವಾದರೂ ರಕ್ತದ ಸೀಸವನ್ನೂ, ಅದರೊಡನೆ ರಕ್ತದ ಒತ್ತಡ, ಹಿಮೋಗ್ಲೋಬಿನ್, ಮೂತ್ರಪಿಂಡಗಳ ಸ್ಥಿತಿ, ರಕ್ತದ ಕೊಬ್ಬು ಇವುಗಳನ್ನೂ ಪರೀಕ್ಷಿಸಿಕೊಳ್ಳತಕ್ಕದ್ದು. ಕೊಬ್ಬಿನ ಪರೀಕ್ಷೆಗೆ ರಾತ್ರಿಯ ಊಟವಾದ ಮೇಲೆ ಬೆಳಗಿನವರೆಗೆ ಏನನ್ನೂ ತಿನ್ನದೆ ಹೋಗುವುದು ವಾಡಿಕೆ. ಬೆರಳ ತುದಿಯಿಂದ ತೆಗೆದ ರಕ್ತಕ್ಕೆ ಕೈಯ ಧೂಳೇ ಸೇರಿ ಸೀಸವು ತಪ್ಪಾಗಿ ಹೆಚ್ಚು ತೋರಬಹುದಾದುದರಿಂದ, ಮೊಣಕೈಯ ನಾಳದಿಂದ ತೆಗೆದ ರಕ್ತವೇ ಲೇಸು. ಇ.ಎಸ್‌.ಐ. ವಿಮೆಗೆ ಒಳಪಟ್ಟವನು ಇಂದಿರಾನಗರದಲ್ಲಿರುವ ಆ ಸಂಸ್ಥೆಯ ಆಸ್ಪತ್ರೆಗೆ ಹೋಗಿ, ತಾನು ಮಾಡುವ ಕೆಲಸವು ಇಂಥದೆಂದು ಬಾಯಿಬಿಟ್ಟು ಹೇಳಬೇಕು. ಹೊಟ್ಟೆನೋವೆಂದು ಮಾತ್ರ ಹೇಳಿದರೆ ಹೊಟ್ಟೆಗೆ ಔಷಧಿ ದೊರೆಯುವುದೇ ಹೊರತು ರಕ್ತದ ಸೀಸವನ್ನು ಯಾರೂ ಅಳೆಯುವುದಿಲ್ಲ.

ಬೆಲ್ಲ ತಿಂದರೆ, ಹಾಲು ಕುಡಿದರೆ ಸೀಸವು ಇಳಿದುಹೋಗುವುದೆಂಬ ನಂಬಿಕೆಯು ಕೆಲಸಗಾರರಲ್ಲಿ ಬಲವಾಗಿದೆ. ಒಳಗೆ ಸೇರಿದ ಸೀಸವನ್ನು ಬೆಲ್ಲವು ಹೊರಡಿಸಲಾರದು. ಆದರೆ ಆಹಾರಕ್ಕೂ ಸೀಸಕ್ಕೂ ಸಂಬಂಧವೇ ಇಲ್ಲವೆಂದೂ ಹೇಳಲಾಗದು. ಬರಿಯ ಹೊಟ್ಟೆಯಲ್ಲಿರುವವನ ಕರುಳು, ಊಟ ಮಾಡಿದವನ ಕರುಳಿಗಿಂತ ಹಲವು ಪಟ್ಟು ಹೆಚ್ಚು ಸೀಸವನ್ನು ಹೀರುವುದು. ಸುಣ್ಣದ ಅಂಶವೂ ಕಬ್ಬಿಣದ ಅಂಶವೂ ಕೊರತೆಯಾದವರು ಇನ್ನೂ ಹೆಚ್ಚು ಹೀರುವರು. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದ್ದು, ಧಾನ್ಯಗಳಲ್ಲಿ ಇದಕ್ಕೆ ಸಮನಾದುದು ಮತ್ತೊಂದಿಲ್ಲ. ಬೆಳಿಗ್ಗೆ ಚಹಾ ಮಾತ್ರ ಕುಡಿದು ಕೆಲಸಕ್ಕೆ ಹೋಗುವವನಿಗಿಂತ ಮುದ್ದೆಯನ್ನೋ ರೊಟ್ಟಿಯನ್ನೋ ಉಂಡು ಹೋಗುವವನು ಈ ಮಟ್ಟಿಗೆ ಮೇಲು. ಅವನ ರಕ್ತದ ಕೊಬ್ಬಿಗೂ ಅದೇ ಊಟವು ಹಿತ. ಸೀಸವನ್ನು ದೇಹದಿಂದ ಎಳೆದು ಹೊರಹಾಕುವ ಔಷಧಿಗಳು ಇವೆಯಾದರೂ, ಅವು ಪ್ರಮಾಣವು ಬಹಳ ಏರಿದಾಗ ಆಸ್ಪತ್ರೆಯಲ್ಲಿ ಕೊಡತಕ್ಕವು. ಅವುಗಳನ್ನು ತೆಗೆದುಕೊಳ್ಳುತ್ತ ಅದೇ ಧೂಳಿನಲ್ಲಿ ದುಡಿಯುವುದರಿಂದ ಹಾನಿಯೇ ಹೆಚ್ಚು.

ಕೆಲಸದ ಸ್ಥಳದಲ್ಲಿ ಒಣ ಪೊರಕೆಯಿಂದ ಗುಡಿಸದೆ ನೀರು ಚಿಮುಕಿಸಿ ಒರಸುವುದು, ಊಟಕ್ಕೂ ಬೀಡಿಗೂ ಮುಂಚೆ ಸಾಬೂನಿನಿಂದ ಕೈಬಾಯಿ ತೊಳೆಯುವುದು, ಧೂಳನ್ನು ಸೋಸಬಲ್ಲ ಮುಖವಾಡವನ್ನು ಧರಿಸುವುದು, ಕರಗಿಸುವ ಕಡೆ ಹೊಗೆಯನ್ನು ಹೊರಗೆಳೆಯುವ ಕೊಳವೆಯಿರುವುದು, ಇಷ್ಟನ್ನು ಅಂಗಡಿಯ ಯಜಮಾನನಿಂದ ಕೇಳಿ ಪಡೆಯಬೇಕು. ಮುಖಕ್ಕೆ ಟವೆಲ್ಲು ಕಟ್ಟಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಹುಡುಗನನ್ನು ಶಿಫಾರಸು ಮಾಡಿ ಕಳುಹಿಸುವ ಗ್ರಾಮದ ಹಿರಿಯನು ಸಂಬಳವೆಷ್ಟೆಂದು ವಿಚಾರಿಸುವಾಗಲೇ ಕೈತೊಳೆಯಲು ನೀರಿನ ನಲ್ಲಿಯುಂಟೇ, ಉಣ್ಣಲು ಬೇರೆ ಜಾಗವುಂಟೇ ಎಂಬುದನ್ನೂ ವಿಚಾರಿಸಿದರೆ ಉತ್ತರವು ಬಹಳ ಸಂಗತಿಯನ್ನು ತಿಳಿಸುವುದು.

ಕೆಲಸದ ಬಟ್ಟೆಯನ್ನು ಅಲ್ಲಿಯೇ ಬಿಟ್ಟು, ಮಿಂದು, ಬೇರೆ ಬಟ್ಟೆಯಲ್ಲಿ ಮನೆಗೆ ಬರತಕ್ಕದ್ದು. ಹಬ್ಬಕ್ಕೆ ಊರಿಗೆ ಬರುವವನು ಕೊಳೆಯ ಬಟ್ಟೆಗಳ ಗಂಟನ್ನು ತಾಯಿಯ ಕೈಗೆ ಕೊಡುವ ವಾಡಿಕೆಯು ಎಲ್ಲ ಕಡೆಯೂ ಉಂಟು. ಅವಳು ಅದನ್ನು ಕೊಡವಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಗೆಯುತ್ತಾಳೆ. ಸಣ್ಣ ಮಕ್ಕಳ ಕರುಳು ದೊಡ್ಡವರದಕ್ಕಿಂತ ಹೆಚ್ಚಾಗಿ ಸೀಸವನ್ನು ಹೀರುತ್ತದೆ. ಅವರ ಮಿದುಳಿಗೆ ಅದರಿಂದಾಗುವ ಕೇಡು ಹಿಂದಿರುಗುವಂಥದಲ್ಲ. ಆ ಗಂಟನ್ನು ಕೊಡವದೆ, ಉಳಿದವುಗಳೊಡನೆ ಸೇರಿಸದೆ, ಅವನೇ ಬೇರೆಯಾಗಿ ಒಗೆಯತಕ್ಕದ್ದು. ಒಗೆದ ನೀರು ದನಗಳು ಕುಡಿಯುವ ತೊಟ್ಟಿಗೂ ಸೊಪ್ಪಿನ ಮಡಿಗೂ ಹರಿಯದಂತೆ ನೋಡಿಕೊಳ್ಳತಕ್ಕದ್ದು. ಪರೀಕ್ಷೆಯಲ್ಲಿ ಸೀಸವು ಹೆಚ್ಚೆಂದು ಕಂಡವನು ಸುಗ್ಗಿಯ ಎರಡು ತಿಂಗಳು ಊರಿನಲ್ಲಿಯೇ ನಿಂತಿದ್ದರೆ, ನಗರಕ್ಕೆ ಹಿಂದಿರುಗುವ ಮುನ್ನ ಮತ್ತೊಮ್ಮೆ ರಕ್ತ ಕೊಟ್ಟು, ಎರಡು ಚೀಟಿಗಳನ್ನೂ ಜೊತೆಗಿಟ್ಟು ವೈದ್ಯರಿಗೆ ತೋರಿಸತಕ್ಕದ್ದು. ಇಳಿದಿರುವ ಅಂಕಿಯು ರಕ್ತದ್ದು ಮಾತ್ರವೆಂದೂ ಮೂಳೆಯದು ಅಲ್ಲಿಯೇ ಉಳಿದಿರುವುದೆಂದೂ ಅವನಿಗೆ ತಿಳಿಸಿಹೇಳುವುದು ಮನೆಯ ಹಿರಿಯರ ಕೆಲಸ.